ಮಂಗೂಸ್, ಪ್ರಿಸ್ಮಾ, ಇಲ್ಲ ಬರೀ ಎಸ್‌ಕ್ಯುಎಲ್: ನೋಡ್ ಸರ್ವರಿನಿಂದ ರೆಕಾರ್ಡ್ ಸೇರಿಸಲು ಯಾವುದು ಸರಿ?

ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಕಲಿತವರಿಗೆ ಅದರ ಮೇಲೆ ಓಡುವ ಎಕ್ಸ್‌ಪ್ರೆಸ್ ಸರ್ವರ್ ಎಬ್ಬಿಸುವುದು ದೊಡ್ಡ ಕೆಲಸವಲ್ಲ. ಒಂದು ಪೋಸ್ಟ್ ರೂಟ್ ಬರೆದು, ಫಾರ್ಮಿನಿಂದ ಬಂದದ್ದನ್ನು ಡೇಟಾಬೇಸಿಗೆ ಸೇರಿಸಿ, ‘ಆಯಿತು’ ಅಂತ ಉತ್ತರ ಕಳಿಸಿದರೆ ಮುಗಿಯಿತು. ತಲೆಬಿಸಿ ಶುರುವಾಗುವುದು ಅದಕ್ಕೂ ಮೊದಲು. ಮಂಗೂಸ್ ಹಾಕುವುದಾ, ಪ್ರಿಸ್ಮಾ ಹಾಕುವುದಾ, ಸೀಕ್ವಲೈಸಾ, ಇಲ್ಲ ಸುಮ್ನೆ ಎಸ್‌ಕ್ಯುಎಲ್ ಬರೆದುಬಿಡುವುದಾ? ಮೊದಲ ಮೂರೂ ಕೋಡಿಗೂ ಡೇಟಾಬೇಸಿಗೂ ನಡುವೆ ನಿಲ್ಲುವ ಲೈಬ್ರರಿಗಳು; ಎಸ್‌ಕ್ಯುಎಲ್ ಡೇಟಾಬೇಸಿನದ್ದೇ ಭಾಷೆ. ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ಕೊನೇ ವರ್ಷದ ಮಕ್ಕಳು ಕೇಳುವುದು ಇದನ್ನೇ. ಮಂಗಳೂರಿನಲ್ಲಿ ಸಣ್ಣ ಆಫೀಸು ಇಟ್ಟುಕೊಂಡು ಹೋಮ್‌ಸ್ಟೇಗೋ ಕ್ಲಿನಿಕ್ಕಿಗೋ ಸಾಫ್ಟ್‌ವೇರ್ ಮಾಡಿಕೊಡುವವರೂ ಇದನ್ನೇ ಕೇಳುತ್ತಾರೆ.

‘ಯಾವುದಾದರೂ ಆಗುತ್ತದೆ’ ಅನ್ನುವುದು ಉತ್ತರವಲ್ಲ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಯಕ್ಷಗಾನ ಮೇಳವೊಂದರ ಬುಕಿಂಗ್. ಆಟ (ಯಕ್ಷಗಾನ ಪ್ರದರ್ಶನ) ಆಡಿಸುವವರು ಯಾರು, ಯಾವ ಊರು, ಯಾವ ದಿನ, ಅಡ್ವಾನ್ಸ್ ಎಷ್ಟು ಕೊಟ್ಟರು. ಇಷ್ಟೇ. ನಿಯಮವೂ ಸರಳ: ಒಂದು ಮೇಳ, ಒಂದು ರಾತ್ರಿ, ಒಂದೇ ಆಟ. ಕಟೀಲು ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವವರು ಇರುವ ಊರು ಇದು. ಒಂದೇ ದಿನವನ್ನು ಇಬ್ಬರಿಗೆ ಕೊಟ್ಟರೆ ‘ಸಾಫ್ಟ್‌ವೇರ್ ತೊಂದರೆ’ ಅಂತ ಹೇಳಿ ಪಾರಾಗಲು ಆಗುವುದಿಲ್ಲ.

ಮೊದಲು ಏನನ್ನು ನೋಡಬೇಕು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ. ತಪ್ಪು ರೆಕಾರ್ಡ್ ಒಳಗೆ ಬರದಂತೆ ಕಾಯುವವರು ಯಾರು, ನಿಮ್ಮ ಹ್ಯಾಂಡ್ಲರಾ (ರಿಕ್ವೆಸ್ಟ್ ಬಂದಾಗ ಓಡುವ ಫಂಕ್ಷನ್), ಡೇಟಾಬೇಸಾ?

ಹೆಚ್ಚಿನವರು ಹ್ಯಾಂಡ್ಲರ್ ಬರೆಯುವುದು ಹೀಗೆ. ಮೊದಲು ಆ ದಿನ ಖಾಲಿ ಇದೆಯಾ ಅಂತ ಡೇಟಾಬೇಸನ್ನು ಕೇಳುತ್ತಾರೆ. ಖಾಲಿ ಇದ್ದರೆ ಬುಕಿಂಗ್ ಸೇರಿಸುತ್ತಾರೆ. ನೋಡಲು ಸರಿಯಾಗಿಯೇ ಇದೆ. ‘ನೋಡ್ ಸಿಂಗಲ್ ಥ್ರೆಡ್ ಅಲ್ವಾ, ಒಂದು ಮುಗಿದ ಮೇಲೇ ಇನ್ನೊಂದು’ ಅನ್ನುವ ಧೈರ್ಯ ಬೇರೆ. ಆದರೆ ‘ಅವೇಟ್’ ಹಾಕಿ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ನೋಡ್ ಸುಮ್ಮನೆ ಕೂರುವುದಿಲ್ಲ, ಮುಂದಿನ ರಿಕ್ವೆಸ್ಟನ್ನು ಕೈಗೆ ತೆಗೆದುಕೊಳ್ಳುತ್ತದೆ. ಮೂಡುಬಿದಿರೆಯವರೂ ಬಂಟ್ವಾಳದವರೂ ಒಂದೇ ಹೊತ್ತಿಗೆ ನವೆಂಬರ್ 20 ಒತ್ತಿದರು ಅಂತಿಟ್ಟುಕೊಳ್ಳಿ. ಇಬ್ಬರಿಗೂ ‘ಖಾಲಿ ಇದೆ’ ಅಂತಲೇ ಬರುತ್ತದೆ. ಇಬ್ಬರ ಬುಕಿಂಗೂ ಸೇರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಕೂತು ಪರೀಕ್ಷೆ ಮಾಡುವಾಗ ಇದು ಎಂದೂ ಕಾಣಿಸುವುದಿಲ್ಲ.

ಇದನ್ನು ನಿಲ್ಲಿಸುವ ಸರಿಯಾದ ಜಾಗ ಡೇಟಾಬೇಸ್. ಮೇಳ ಮತ್ತು ದಿನಾಂಕ ಎರಡೂ ಸೇರಿದ ಯೂನಿಕ್ ನಿಯಮ (ಅದೇ ಜೋಡಿ ಎರಡನೇ ಸಲ ಬರಬಾರದು) ಹಾಕಿಬಿಟ್ಟರೆ ಎರಡನೆಯವರದು ಸೇರುವುದೇ ಇಲ್ಲ. ಡೇಟಾಬೇಸ್ ಎರರ್ ಕೊಡುತ್ತದೆ, ಹ್ಯಾಂಡ್ಲರ್ ಅದನ್ನು ಹಿಡಿದು 409 (‘ಆಗಲೇ ಇರುವುದಕ್ಕೆ ಅಡ್ಡ ಬರುತ್ತದೆ’ ಅನ್ನುವ ಎಚ್‌ಟಿಟಿಪಿ ಸಂಕೇತ) ಕಳಿಸಬೇಕು. ಹಾಗಾಗಿ ಮೊದಲ ಅಳತೆ ಇದು: ಈ ನಿಯಮವನ್ನು ಹಾಕಲು ಎಷ್ಟು ಸುಲಭ, ಎರರ್ ಬಂದಾಗ ಯಾಕೆ ಬಂತು ಅಂತ ಎಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ?

ಇದರಲ್ಲೇ ಒಂದು ಒಳಸುಳಿ ಇದೆ. ಬುಕಿಂಗ್ ರದ್ದಾದರೆ ಆ ಸಾಲನ್ನು ಯಾರೂ ಅಳಿಸುವುದಿಲ್ಲ, ‘ರದ್ದು’ ಅಂತ ಗುರುತು ಹಾಕಿ ಬಿಡುತ್ತಾರೆ. ಲೆಕ್ಕಕ್ಕೆ ಬೇಕಲ್ಲ. ಆಗ ಮೇಲಿನ ಯೂನಿಕ್ ನಿಯಮ ಆ ದಿನವನ್ನು ಮತ್ತೆ ಯಾರಿಗೂ ಕೊಡಲು ಬಿಡುವುದಿಲ್ಲ! ರದ್ದಾಗದ ಬುಕಿಂಗುಗಳಿಗೆ ಮಾತ್ರ ಅನ್ವಯಿಸುವ ಯೂನಿಕ್ ಇಂಡೆಕ್ಸ್ ಬೇಕು. ಅದನ್ನು ಪಾರ್ಷಿಯಲ್ ಇಂಡೆಕ್ಸ್ ಅನ್ನುತ್ತಾರೆ. ಡೇಟಾಬೇಸುಗಳ ಪೈಕಿ ಪೋಸ್ಟ್‌ಗ್ರೆಸ್‌ನಲ್ಲಿ ಇದೆ, ಎಸ್‌ಕ್ಯುಲೈಟ್‌ನಲ್ಲಿ ಇದೆ, ಮಾಂಗೋಡಿಬಿಯಲ್ಲೂ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ನೇರವಾಗಿ ಇಲ್ಲ, ಸುತ್ತು ದಾರಿ ಹಿಡಿಯಬೇಕು. ಬುಕಿಂಗ್ ಜಾತಿಯ ಯಾವ ಕೆಲಸಕ್ಕೂ ನಾನು ಪೋಸ್ಟ್‌ಗ್ರೆಸ್ ಕಡೆ ವಾಲಲು ಇದೂ ಒಂದು ಕಾರಣ.

ಎರಡನೆಯ ಅಳತೆ: ಎರಡು ಕಡೆ ಒಟ್ಟಿಗೆ ಬರೆಯುವುದು. ಬುಕಿಂಗ್ ಒಂದು ಟೇಬಲಿಗೆ, ಅಡ್ವಾನ್ಸಿನ ರಶೀದಿ ಇನ್ನೊಂದಕ್ಕೆ. ಎರಡೂ ಆಗಬೇಕು, ಇಲ್ಲ ಎರಡೂ ಆಗಬಾರದು. ಇದನ್ನೇ ಟ್ರಾನ್ಸಾಕ್ಷನ್ ಅನ್ನುವುದು. ಹಣ ಬಂದಿದೆ, ಬುಕಿಂಗ್ ಇಲ್ಲ ಅನ್ನುವ ಸ್ಥಿತಿ ಯಾರಿಗೂ ಬೇಡ.

ಮೂರನೆಯದು ನೆಟ್‌ವರ್ಕ್. ಮಳೆಗಾಲದಲ್ಲಿ ಹೆಬ್ರಿ, ಸುಬ್ರಹ್ಮಣ್ಯದಂಥ ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲ್ ಬಂದು ಹೋಗುತ್ತಾ ಇರುತ್ತದೆ. ರಿಕ್ವೆಸ್ಟ್ ಸರ್ವರಿಗೆ ತಲುಪಿ ರೆಕಾರ್ಡೂ ಸೇರಿರುತ್ತದೆ, ಉತ್ತರ ಮಾತ್ರ ಫೋನಿಗೆ ಬರುವುದಿಲ್ಲ. ಜನ ಮತ್ತೆ ಒತ್ತುತ್ತಾರೆ. ಬುಕಿಂಗಿಗೆ ದಿನಾಂಕದ ನಿಯಮ ಕಾವಲಿದೆ. ರಶೀದಿಗೆ? ಐದು ಸಾವಿರದ ಎರಡು ರಶೀದಿ ನಿಜವಾಗಿಯೂ ಇರಬಹುದು, ಒಂದೇ ರಶೀದಿ ಎರಡು ಸಲ ಬಂದದ್ದೂ ಇರಬಹುದು. ಫಾರ್ಮ್ ತೆರೆದಾಗಲೇ ಬ್ರೌಸರಿನಲ್ಲಿ ಒಂದು ಯುಯುಐಡಿ (ಬೇರೆಲ್ಲೂ ಬಾರದಂಥ ಉದ್ದನೆಯ ಗುರುತು) ಹುಟ್ಟಿಸಿ ರಶೀದಿಯ ಜೊತೆ ಕಳಿಸಿ, ಆ ಕಾಲಮ್ಮಿಗೆ ಯೂನಿಕ್ ಹಾಕುವುದು ಇದಕ್ಕೆ ಮದ್ದು. ಎಷ್ಟು ಸಲ ಒತ್ತಿದರೂ ಒಂದೇ ಸಾಲು. ‘ಇದ್ದರೆ ಬಿಡು, ಇಲ್ಲದಿದ್ದರೆ ಸೇರಿಸು’ ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಲು ಬರುತ್ತದೆಯಾ ಅಂತ ಪ್ರತಿ ಲೈಬ್ರರಿಯಲ್ಲೂ ನೋಡಿ.

ಇನ್ನು ಉಳಿದದ್ದು ಖರ್ಚು, ಮತ್ತು ನಿಮ್ಮ ನಂತರ ಈ ಕೋಡ್ ನೋಡುವವರು ಯಾರು ಅನ್ನುವುದು. ಬೆಂಗಳೂರಿಗೆ ಕೆಲಸ ಸಿಕ್ಕಿ ನೀವು ಹೊರಟುಹೋದರೆ ಮುಂದಿನವರಿಗೆ ಓದಲು ಆಗಬೇಕು. ವೇಗದ ಬಗ್ಗೆ ನಾನು ಇಲ್ಲಿ ಮಾತಾಡುವುದಿಲ್ಲ. ಇಂಥ ಕೆಲಸದಲ್ಲಿ ಒಂದು ಸಾಲು ಸೇರಿಸುವ ವೇಗದಲ್ಲಿ ಇವುಗಳ ನಡುವೆ ನಿಮಗೆ ಅನುಭವಕ್ಕೆ ಬರುವ ವ್ಯತ್ಯಾಸ ಇಲ್ಲ.

ಬರೀ ಎಸ್‌ಕ್ಯುಎಲ್

ಪೋಸ್ಟ್‌ಗ್ರೆಸ್‌ಗಾದರೆ ‘ಪಿಜಿ’ ಎಂಬ ಪ್ಯಾಕೇಜ್, ಮೈಎಸ್‌ಕ್ಯುಎಲ್‌ಗಾದರೆ ‘ಮೈಎಸ್‌ಕ್ಯುಎಲ್2’. ಇನ್‌ಸರ್ಟ್ ವಾಕ್ಯವನ್ನು ನೀವೇ ಬರೆಯುತ್ತೀರಿ. ವ್ಯಾಲ್ಯೂಗಳ ಜಾಗದಲ್ಲಿ ಪಿಜಿಯಲ್ಲಿ $1, $2 ಅಂತಲೂ ಮೈಎಸ್‌ಕ್ಯುಎಲ್2ರಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿ, ನಿಜವಾದ ವ್ಯಾಲ್ಯೂಗಳನ್ನು ಬೇರೆ ಅರೇಯಲ್ಲಿ ಕೊಡಬೇಕು. ಬಂದ ಹೆಸರನ್ನು ಸ್ಟ್ರಿಂಗಿಗೆ ನೇರವಾಗಿ ಅಂಟಿಸಬೇಡಿ. ಹಾಗೆ ಮಾಡಿದರೆ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ, ಅಂದರೆ ಹೆಸರಿನ ಜಾಗದಲ್ಲಿ ಆಜ್ಞೆ ನುಗ್ಗಿಸುವವರಿಗೆ, ಬಾಗಿಲು ತೆರೆದಿಟ್ಟ ಹಾಗೆ.

ಇದರ ದೊಡ್ಡ ಲಾಭ, ಏನು ನಡೆಯುತ್ತಿದೆ ಅನ್ನುವುದು ಕಣ್ಣೆದುರೇ ಇರುತ್ತದೆ. ಇನ್‌ಸರ್ಟ್‌ನ ಕೊನೆಗೆ ‘ರಿಟರ್ನಿಂಗ್’ ಸೇರಿಸಿದರೆ ಹೊಸ ಸಾಲು ಐಡಿ ಸಮೇತ ಅದೇ ಉತ್ತರದಲ್ಲಿ ವಾಪಸ್ ಬರುತ್ತದೆ, ಇನ್ನೊಂದು ಸಲ ಕೇಳಬೇಕಾಗಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ರಿಟರ್ನಿಂಗ್ ಇಲ್ಲ, ‘ಇನ್‌ಸರ್ಟ್ ಐಡಿ’ ಮಾತ್ರ ಸಿಗುತ್ತದೆ. ಯೂನಿಕ್ ನಿಯಮ ಮುರಿದರೆ ಪೋಸ್ಟ್‌ಗ್ರೆಸ್ 23505 ಅನ್ನುವ ಕೋಡ್ ಕೊಡುತ್ತದೆ, ಯಾವ ನಿಯಮ ಮುರಿಯಿತು ಅನ್ನುವ ಹೆಸರನ್ನೂ ಕೊಡುತ್ತದೆ. ಮೈಎಸ್‌ಕ್ಯುಎಲ್ ಆದರೆ 1062. ಈ ಒಂದು ನಂಬರನ್ನು ಹಿಡಿದರೆ ‘ಆ ದಿನ ಬೇರೆಯವರಿಗೆ ಆಗಿದೆ’ ಅಂತ ಜನರಿಗೆ ಅರ್ಥವಾಗುವ ಉತ್ತರ ಕೊಡಬಹುದು. ಪಾರ್ಷಿಯಲ್ ಇಂಡೆಕ್ಸ್, ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಎಲ್ಲವೂ ಒಂದೊಂದು ಸಾಲಿನ ಕೆಲಸ. ಒಂದು ವಿಷಯ ನೆನಪಿಡಿ: ಡು ನಥಿಂಗ್ ಹಾಕಿ ಸಾಲು ಮೊದಲೇ ಇದ್ದರೆ ರಿಟರ್ನಿಂಗ್ ಏನನ್ನೂ ಕೊಡುವುದಿಲ್ಲ. ಖಾಲಿ ಬಂದರೆ ಹಳೆಯ ಸಾಲನ್ನು ಹುಡುಕಿ ಅದನ್ನೇ ಉತ್ತರವಾಗಿ ಕಳಿಸಿ.

ಕಷ್ಟ ಇರುವುದು ಟ್ರಾನ್ಸಾಕ್ಷನ್‌ನಲ್ಲಿ. ಪೂಲ್ (ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಗುಂಪು) ಮೇಲೆಯೇ ‘ಬಿಗಿನ್’ ಕಳಿಸಿ, ಪೂಲ್ ಮೇಲೆಯೇ ಇನ್‌ಸರ್ಟ್ ಕಳಿಸಿದರೆ ಎರಡೂ ಬೇರೆ ಬೇರೆ ಕನೆಕ್ಷನ್‌ಗೆ ಹೋಗಬಹುದು. ಆಗ ಅದು ಟ್ರಾನ್ಸಾಕ್ಷನ್ನೇ ಅಲ್ಲ. ಪೂಲ್‌ನಿಂದ ಒಂದು ಕ್ಲೈಂಟ್ (ಒಂದು ಕನೆಕ್ಷನ್) ತೆಗೆದುಕೊಂಡು, ಬಿಗಿನ್, ಎರಡು ಇನ್‌ಸರ್ಟ್, ಕಮಿಟ್ ಎಲ್ಲವನ್ನೂ ಅದರ ಮೇಲೆಯೇ ಮಾಡಬೇಕು. ತಪ್ಪಾದರೆ ರೋಲ್‌ಬ್ಯಾಕ್, ಅಂದರೆ ಮಾಡಿದ್ದೆಲ್ಲ ರದ್ದು. ಏನೇ ಆದರೂ ಫೈನಲಿ ಬ್ಲಾಕಿನಲ್ಲಿ ಕ್ಲೈಂಟನ್ನು ವಾಪಸ್ ಬಿಡಬೇಕು. ಬಿಡದಿದ್ದರೆ ಏನಾಗುತ್ತದೆ ಗೊತ್ತಾ? ಪಿಜಿ ಪೂಲ್‌ನಲ್ಲಿ ಸೆಟ್ಟಿಂಗ್ ಮುಟ್ಟದಿದ್ದರೆ ಇರುವುದು 10 ಕನೆಕ್ಷನ್. ಹತ್ತೂ ಸಿಕ್ಕಿಹಾಕಿಕೊಂಡ ಮೇಲೆ ಹನ್ನೊಂದನೆಯ ರಿಕ್ವೆಸ್ಟ್ ಕಾಯುತ್ತಾ ಕೂರುತ್ತದೆ. ಕಾಯುವ ಸಮಯಕ್ಕೂ ಮಿತಿ ಇಲ್ಲ. ಎರರೂ ಇಲ್ಲ, ಲಾಗೂ ಇಲ್ಲ, ಸರ್ವರ್ ಸತ್ತ ಹಾಗೆ. ಟ್ರಾನ್ಸಾಕ್ಷನ್‌ಗೆ ಒಂದು ಸಣ್ಣ ಫಂಕ್ಷನ್ ಮೊದಲೇ ಬರೆದಿಟ್ಟು ಎಲ್ಲಾ ಕಡೆ ಅದನ್ನೇ ಬಳಸಿದರೆ ಈ ತಲೆನೋವು ಇರುವುದಿಲ್ಲ.

ಟೇಬಲ್ ಬದಲಾವಣೆಗಳ ಜವಾಬ್ದಾರಿಯೂ ನಿಮ್ಮದೇ. ಯಾವ ಕಾಲಮ್ ಯಾವಾಗ ಸೇರಿಸಿದಿರಿ ಅನ್ನುವುದಕ್ಕೆ ಎಸ್‌ಕ್ಯುಎಲ್ ಫೈಲುಗಳನ್ನು ಸಾಲಾಗಿ ಗಿಟ್‌ನಲ್ಲಿ ಇಟ್ಟುಕೊಳ್ಳಬೇಕು. ಇದನ್ನು ಬಿಟ್ಟರೆ ಆರು ತಿಂಗಳಲ್ಲಿ ಆಫೀಸಿನ ಡೇಟಾಬೇಸ್ ಒಂದು, ಲ್ಯಾಪ್‌ಟಾಪಿನದು ಇನ್ನೊಂದು.

ನೆಕ್ಸ್ (Knex) ಮತ್ತು ಡ್ರಿಜ಼ಲ್

ಇವು ನಡುವಿನ ದಾರಿ. ಎಸ್‌ಕ್ಯುಎಲ್ ಅನ್ನೇ ಜಾವಾಸ್ಕ್ರಿಪ್ಟ್ ಫಂಕ್ಷನ್‌ಗಳ ರೂಪದಲ್ಲಿ ಬರೆಯುವುದು. ಮೈಗ್ರೇಷನ್ (ಟೇಬಲ್ ಬದಲಾವಣೆಗಳನ್ನು ಸಾಲಾಗಿ ನಡೆಸುವ) ಸೌಲಭ್ಯ ಸಿಗುತ್ತದೆ, ಟ್ರಾನ್ಸಾಕ್ಷನ್‌ನಲ್ಲಿ ಕನೆಕ್ಷನ್ ಬಿಡುವ ಕೆಲಸ ತಾನೇ ಮಾಡಿಕೊಳ್ಳುತ್ತದೆ, ‘ಆನ್ ಕಾನ್‌ಫ್ಲಿಕ್ಟ್’ ಕೂಡ ಇದೆ. ಟೈಪ್‌ಸ್ಕ್ರಿಪ್ಟ್ ಬಳಸುವವರಿಗೆ ಡ್ರಿಜ಼ಲ್ ಜಾಸ್ತಿ ಹಿತ. ನೆಕ್ಸ್‌ನಲ್ಲಿ ಒಂದೇ ಎಚ್ಚರಿಕೆ: ಟ್ರಾನ್ಸಾಕ್ಷನ್ ಒಳಗಿನ ಪ್ರತಿ ಕ್ವೆರಿಯನ್ನೂ ಅದು ಕೊಟ್ಟ ವಸ್ತುವಿನ ಮೇಲೆಯೇ ನಡೆಸಬೇಕು. ಒಂದು ಕಡೆ ಮರೆತರೂ ಆ ಇನ್‌ಸರ್ಟ್ ಹೊರಗಡೆ ನಡೆದುಹೋಗುತ್ತದೆ, ರೋಲ್‌ಬ್ಯಾಕ್ ಅದನ್ನು ಮುಟ್ಟುವುದಿಲ್ಲ. ಎಸ್‌ಕ್ಯುಎಲ್ ಬರುತ್ತದೆ, ಆದರೆ ಮೈಗ್ರೇಷನ್ ಕೈಯಾರೆ ನೋಡಿಕೊಳ್ಳಲು ಬೇಜಾರು ಅನ್ನುವವರಿಗೆ ಇದು ಸಾಕು.

ಪ್ರಿಸ್ಮಾ, ಜೊತೆಗೆ ಸೀಕ್ವಲೈಸ್

ಪ್ರಿಸ್ಮಾದಲ್ಲಿ ಒಂದು ಸ್ಕೀಮಾ ಫೈಲು ಇರುತ್ತದೆ. ಬುಕಿಂಗ್ ಅಂದರೆ ಏನೇನು, ರಶೀದಿಗೂ ಅದಕ್ಕೂ ಏನು ಸಂಬಂಧ, ಯಾವುದು ಯೂನಿಕ್, ಎಲ್ಲವೂ ಅಲ್ಲೇ. ಅದರಿಂದಲೇ ಮೈಗ್ರೇಷನ್ ಫೈಲುಗಳೂ ಹುಟ್ಟುತ್ತವೆ, ಕೋಡಿನಲ್ಲಿ ಬಳಸುವ ಕ್ಲೈಂಟೂ ಹುಟ್ಟುತ್ತದೆ. ಹೊಸಬರು ಬಂದರೆ ಈ ಒಂದು ಫೈಲು ಓದಿದರೆ ಸಾಕು, ಡೇಟಾಬೇಸ್ ಪೂರ್ತಿ ಅರ್ಥವಾಗುತ್ತದೆ. ‘ನಮ್ಮ ನಂತರ ಯಾರು’ ಅನ್ನುವ ಅಳತೆಯಲ್ಲಿ ಇದಕ್ಕೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಟೈಪ್‌ಸ್ಕ್ರಿಪ್ಟ್ ಇದ್ದರೆ ಕಾಲಮ್ಮಿನ ಹೆಸರು ತಪ್ಪಿದರೂ ಎಡಿಟರಿನಲ್ಲೇ ಕೆಂಪು ಗೆರೆ ಬರುತ್ತದೆ.

ಬುಕಿಂಗ್ ಸೇರಿಸುವಾಗಲೇ ಅದರೊಳಗೆ ರಶೀದಿಯನ್ನೂ ಬರೆದುಕೊಟ್ಟರೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸುತ್ತದೆ. ಬಿಗಿನ್, ಕಮಿಟ್ ಗೊಡವೆಯೇ ಇಲ್ಲ. ಯೂನಿಕ್ ಮುರಿದರೆ ಪಿ2002 ಅನ್ನುವ ಕೋಡ್. ಎರಡು ಸಲ ಒತ್ತಿದ ರಶೀದಿಗೆ ‘ಅಪ್‌ಸರ್ಟ್’ (ಇದ್ದರೆ ಅಪ್‌ಡೇಟ್, ಇಲ್ಲದಿದ್ದರೆ ಸೇರಿಸು) ಬಳಸಿ, ಅಪ್‌ಡೇಟ್ ಭಾಗವನ್ನು ಖಾಲಿ ಬಿಡಿ. ಹಳೆಯದು ಇದ್ದರೆ ಅದೇ ವಾಪಸ್ ಬರುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಸ್ಕೀಮಾ ಬದಲಾಯಿಸಿದಾಗಲೆಲ್ಲ ಕ್ಲೈಂಟ್ ಮತ್ತೆ ಹುಟ್ಟಿಸಬೇಕು. ರದ್ದಾದ ಬುಕಿಂಗ್ ಬಿಟ್ಟು ಉಳಿದದ್ದಕ್ಕೆ ಮಾತ್ರ ಯೂನಿಕ್ ಅನ್ನುವಂಥ ನಿಯಮಕ್ಕೆ ಮೈಗ್ರೇಷನ್ ಫೈಲನ್ನು ತೆರೆದು ಎಸ್‌ಕ್ಯುಎಲ್ ಅನ್ನು ಕೈಯಾರೆ ಸೇರಿಸುವುದೇ ಭದ್ರ ದಾರಿ. ಅಂದರೆ ಎಸ್‌ಕ್ಯುಎಲ್ ಕಲಿಯುವುದು ತಪ್ಪಲಿಲ್ಲ. ಪ್ರಿಸ್ಮಾ ಹಾಕಿದರೆ ಎಸ್‌ಕ್ಯುಎಲ್ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೀಕ್ವಲೈಸ್ ಇದಕ್ಕಿಂತ ಹಳೆಯದು. ಆಗಲೇ ಅದರಲ್ಲಿ ನಡೆಯುತ್ತಿರುವ ಪ್ರಾಜೆಕ್ಟ್ ಕೈಗೆ ಬಂದಿದ್ದರೆ ಅದರಲ್ಲೇ ಮುಂದುವರಿಯಿರಿ, ಬದಲಾಯಿಸುವಷ್ಟು ಲಾಭವಿಲ್ಲ. ಹೊಸದಕ್ಕೆ ನಾನಂತೂ ಆರಿಸುವುದಿಲ್ಲ. ಅದರ ‘ಸಿಂಕ್’ ಫಂಕ್ಷನ್‌ಗೆ ‘ಫೋರ್ಸ್’ ಕೊಟ್ಟರೆ ಇರುವ ಟೇಬಲುಗಳನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಕಲಿಯುವಾಗ ಹಾಕಿದ ಆ ಸಾಲು ಗಿರಾಕಿಯ ಸರ್ವರಿನಲ್ಲಿ ಉಳಿದುಕೊಂಡಿದೆಯಾ ಅಂತ ಮೊದಲು ನೋಡಿ.

ಮಂಗೂಸ್ ಮತ್ತು ಮಾಂಗೋಡಿಬಿ

ಇಲ್ಲಿನ ಮಕ್ಕಳು ಹೆಚ್ಚಾಗಿ ಮರ್ನ್ (ಮಾಂಗೋಡಿಬಿ, ಎಕ್ಸ್‌ಪ್ರೆಸ್, ರಿಯಾಕ್ಟ್, ನೋಡ್) ಕಲಿತೇ ಬರುತ್ತಾರೆ. ಹಾಗಾಗಿ ಮಾಂಗೋಡಿಬಿಗೆ ಬರೆಯುವ ಮಂಗೂಸ್ ಅವರಿಗೆ ಆಯ್ಕೆಯೇ ಅಲ್ಲ, ರೂಢಿ. ತಪ್ಪೇನಿಲ್ಲ. ಸ್ಕೀಮಾ ಬರೆದು ‘ಕ್ರಿಯೇಟ್’ ಅಂದರೆ ಮುಗಿಯಿತು, ಬೇಕಾದ ಫೀಲ್ಡ್ ಇಲ್ಲದಿದ್ದರೆ ವ್ಯಾಲಿಡೇಷನ್ ಎರರ್ ಅಚ್ಚುಕಟ್ಟಾಗಿ ಬರುತ್ತದೆ. ಮಾಂಗೋಡಿಬಿಯ ಕ್ಲೌಡ್ ಸೇವೆ ಅಟ್ಲಾಸ್‌ನ ಉಚಿತ ಕ್ಲಸ್ಟರ್‌ನಲ್ಲಿ 512 ಎಂಬಿ ಜಾಗ ಸಿಗುತ್ತದೆ, ಕಾಲೇಜು ಪ್ರಾಜೆಕ್ಟಿಗೆ ಧಾರಾಳ.

ಇದು ನಿಜವಾಗಿ ಚೆನ್ನಾಗಿ ಹೊಂದುವ ಕೆಲಸಗಳೂ ಇವೆ. ಮಲ್ಪೆ ಬಂದರಿಗೆ ಬಂದ ಬೋಟಿನ ಲೆಕ್ಕ ತೆಗೆದುಕೊಳ್ಳಿ. ಒಂದು ಬೋಟಿನಲ್ಲಿ ಬರೀ ಬಂಗುಡೆ, ಇನ್ನೊಂದರಲ್ಲಿ ಬೂತಾಯಿ, ಅಂಜಲ್, ಕಾಣೆ, ಜೊತೆಗೆ ಇನ್ನೇನೋ. ಪ್ರತಿ ಟ್ರಿಪ್ಪೂ ಒಂದು ಡಾಕ್ಯುಮೆಂಟ್, ಒಳಗೆ ಮೀನಿನ ಪಟ್ಟಿ. ಒಂದೇ ಸಲ ಸೇರುತ್ತದೆ, ಒಂದೇ ಸಲ ಓದಬಹುದು. ಮಾಂಗೋಡಿಬಿಯಲ್ಲಿ ಒಂದು ಡಾಕ್ಯುಮೆಂಟಿನ ಬರವಣಿಗೆ ಪೂರ್ತಿ ಆಗುತ್ತದೆ, ಇಲ್ಲ ಆಗುವುದೇ ಇಲ್ಲ. ಅರ್ಧ ಆಗುವ ಪ್ರಶ್ನೆ ಇಲ್ಲ. ನಮ್ಮ ಬುಕಿಂಗಿನಲ್ಲೂ ರಶೀದಿಗಳನ್ನು ಬುಕಿಂಗ್ ಡಾಕ್ಯುಮೆಂಟಿನ ಒಳಗೇ ಇಟ್ಟರೆ ಟ್ರಾನ್ಸಾಕ್ಷನ್ ಬೇಕಾಗುವುದಿಲ್ಲ.

ಬೇರೆ ಬೇರೆ ಇಟ್ಟರೆ ಮಾತ್ರ ಗಮನ ಬೇಕು. ಹಲವು ಡಾಕ್ಯುಮೆಂಟುಗಳ ಟ್ರಾನ್ಸಾಕ್ಷನ್ 2018ರ 4.0 ಆವೃತ್ತಿಯಿಂದ ಇದೆ, ಆದರೆ ರೆಪ್ಲಿಕಾ ಸೆಟ್ (ಒಂದೇ ಡೇಟಾದ ಪ್ರತಿಗಳನ್ನು ಇಟ್ಟುಕೊಳ್ಳುವ ಸರ್ವರುಗಳ ಗುಂಪು) ಇರಲೇಬೇಕು. ಅಟ್ಲಾಸ್‌ನಲ್ಲಿ ಅದು ಇದ್ದೇ ಇದೆ. ಲ್ಯಾಪ್‌ಟಾಪಿನಲ್ಲಿ ಮಾಮೂಲಾಗಿ ಹಾಕಿಕೊಂಡ ಮಾಂಗೋದಲ್ಲಿ ಇಲ್ಲ, ಎರರ್ ಬರುತ್ತದೆ.

ಇನ್ನು ನಮ್ಮ ಮೊದಲ ಅಳತೆ. ಮಂಗೂಸ್ ಸ್ಕೀಮಾದಲ್ಲಿ ‘ಯೂನಿಕ್’ ಅಂತ ಬರೆದರೆ ಅದು ವ್ಯಾಲಿಡೇಟರ್ ಅಲ್ಲ. ಇಂಡೆಕ್ಸ್ ಕಟ್ಟಲು ಕೊಟ್ಟ ಸೂಚನೆ ಅಷ್ಟೇ. ಆ ಇಂಡೆಕ್ಸ್ ಡೇಟಾಬೇಸಿನಲ್ಲಿ ನಿಜವಾಗಿ ಇದ್ದರೆ ಮಾತ್ರ ಎರಡನೆಯದು ನಿಲ್ಲುತ್ತದೆ, 11000 ಅನ್ನುವ ಎರರ್ ಬರುತ್ತದೆ. ಕಲೆಕ್ಷನ್‌ನಲ್ಲಿ ಆಗಲೇ ಒಂದೇ ದಿನಕ್ಕೆ ಎರಡು ಬುಕಿಂಗ್ ಇದ್ದರೆ ಇಂಡೆಕ್ಸ್ ಕಟ್ಟಲು ಆಗುವುದಿಲ್ಲ. ಆಪ್ ಮಾತ್ರ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಆಟೋ ಇಂಡೆಕ್ಸ್ ಆಫ್ ಮಾಡಿ ಸರ್ವರಿಗೆ ಹಾಕಿದ್ದರೂ ಅದೇ ಕಥೆ. ಸರ್ವರಿಗೆ ಹಾಕಿದ ಮೇಲೆ ಇಂಡೆಕ್ಸ್ ಪಟ್ಟಿಯನ್ನು ಮಾಂಗೋಡಿಬಿಯ ಕಂಪಾಸ್ ಆಪ್‌ನಲ್ಲಿ ಕಣ್ಣಾರೆ ನೋಡಿ.

ತಿಂಗಳ ಕೊನೆಗೆ ‘ಯಾವ ತಾಲೂಕಿನಲ್ಲಿ ಎಷ್ಟು ಆಟ, ಬಾಕಿ ಎಷ್ಟು’ ಅಂತ ಯಜಮಾನರು ಕೇಳುವುದು ಖಂಡಿತ. ಮಾಂಗೋದಲ್ಲೂ ಅದು ಆಗುತ್ತದೆ, ಎಸ್‌ಕ್ಯುಎಲ್‌ನಲ್ಲಿ ಸುಲಭವಾಗಿ ಆಗುತ್ತದೆ. ಲೆಕ್ಕಪತ್ರ ಜಾಸ್ತಿ ಇರುವ ಕಡೆ ನನ್ನ ಓಟು ಎಸ್‌ಕ್ಯುಎಲ್‌ಗೆ.

ಒಂದೇ ಕಂಪ್ಯೂಟರ್ ಇದ್ದರೆ ಎಸ್‌ಕ್ಯುಲೈಟ್

ಪಡುಬಿದ್ರಿಯ ನಾಲ್ಕು ಕೋಣೆಯ ಹೋಮ್‌ಸ್ಟೇಗೆ, ಒಂದೇ ಕೌಂಟರಿನ ಅಂಗಡಿಗೆ ಪೋಸ್ಟ್‌ಗ್ರೆಸ್ ಸರ್ವರ್ ಯಾಕೆ? ಎಸ್‌ಕ್ಯುಲೈಟ್ ಅಂದರೆ ಒಂದು ಫೈಲು. ‘ಬೆಟರ್ ಎಸ್‌ಕ್ಯುಲೈಟ್3’ ಪ್ಯಾಕೇಜ್ ಹಾಕಿದರೆ ಸಾಕು. 2024ರ 22.5 ಆವೃತ್ತಿಯಿಂದ ನೋಡ್ ಒಳಗೇ ಎಸ್‌ಕ್ಯುಲೈಟ್ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ, ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಜೂನ್ ತಿಂಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಬೆಟರ್ ಎಸ್‌ಕ್ಯುಲೈಟ್3ರಲ್ಲಿ ಅವೇಟ್ ಇಲ್ಲ, ಎಲ್ಲವೂ ನೇರ. ಆದ್ದರಿಂದ ಮೊದಲು ಖಾಲಿ ಇದೆಯಾ ಅಂತ ನೋಡಿ ಆಮೇಲೆ ಸೇರಿಸುವ ಹ್ಯಾಂಡ್ಲರಿನಲ್ಲಿ ನಡುವೆ ಇನ್ನೊಂದು ರಿಕ್ವೆಸ್ಟ್ ನುಗ್ಗುವುದಿಲ್ಲ, ಒಂದೇ ಪ್ರೊಸೆಸ್ ಓಡುವವರೆಗೆ. ಪಿಎಂ2 (ನೋಡ್ ಪ್ರೊಸೆಸ್‌ಗಳನ್ನು ನಡೆಸುವ ಸಾಧನ) ಬಳಸಿ ನಾಲ್ಕು ಪ್ರೊಸೆಸ್ ಎಬ್ಬಿಸಿದ ದಿನ ಆ ರಕ್ಷಣೆ ಹೋಯಿತು. ಯೂನಿಕ್ ಹಾಕುವುದು ಇಲ್ಲೂ ತಪ್ಪದು.

ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು ಅನ್ನುವುದು ಇದರ ಮಿತಿ. ಸಣ್ಣ ವ್ಯವಹಾರಕ್ಕೆ ಅದು ಅಡ್ಡಿ ಅಲ್ಲ. ನಿಜವಾದ ಅಪಾಯ ಬ್ಯಾಕಪ್. ವಾಲ್ ಮೋಡ್‌ನಲ್ಲಿ (ಹೊಸದು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗುವ ಕ್ರಮ) ಇರುವಾಗ ಮುಖ್ಯ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಇತ್ತೀಚಿನ ರೆಕಾರ್ಡುಗಳು ಪಕ್ಕದ ಫೈಲಿನಲ್ಲೇ ಉಳಿದಿರಬಹುದು. ಎಸ್‌ಕ್ಯುಲೈಟ್‌ನದ್ದೇ ಬ್ಯಾಕಪ್ ಆಜ್ಞೆ ಬಳಸಿ. ಉಚಿತ ಹೋಸ್ಟಿಂಗಿಗೆ ಈ ಫೈಲನ್ನು ಹಾಕಬೇಡಿ. ಅಂಥ ಕಡೆ ಡಿಸ್ಕ್ ಹೆಚ್ಚಾಗಿ ತಾತ್ಕಾಲಿಕ, ಮರು ಡಿಪ್ಲಾಯ್ ಆದರೆ ಫೈಲೂ ಹೋಯಿತು, ಬುಕಿಂಗೂ ಹೋಯಿತು.

ಯಾವುದನ್ನು ಆರಿಸಿದರೂ ಬಿಡದ ಕೆಲವು

ರಿಕ್ವೆಸ್ಟಿನ ಬಾಡಿಯನ್ನು ಹಾಗೇ ಎತ್ತಿ ಕ್ರಿಯೇಟ್‌ಗೆ ಕೊಡಬೇಡಿ. ‘ಅಡ್ವಾನ್ಸ್ ಬಂದಿದೆ: ಹೌದು’ ಅನ್ನುವ ಫೀಲ್ಡನ್ನು ಯಾರಾದರೂ ಸೇರಿಸಿ ಕಳಿಸಿದರೆ ಮಂಗೂಸೂ ಪ್ರಿಸ್ಮಾವೂ ಖುಷಿಯಲ್ಲಿ ಉಳಿಸಿಕೊಳ್ಳುತ್ತವೆ, ಏಕೆಂದರೆ ಅದು ಸ್ಕೀಮಾದಲ್ಲಿ ಇದೆ. ಜ಼ಾಡ್ ಅಥವಾ ಜಾಯ್ ಎಂಬ ಡೇಟಾ ಪರೀಕ್ಷಿಸುವ ಲೈಬ್ರರಿ ಬಳಸಿ ಬೇಕಾದ ಫೀಲ್ಡುಗಳನ್ನಷ್ಟೇ ಆರಿಸಿಕೊಳ್ಳಿ. ಬರೀ ಎಸ್‌ಕ್ಯುಎಲ್‌ನಲ್ಲಿ ಕಾಲಮ್ಮುಗಳನ್ನು ನೀವೇ ಹೆಸರಿಸುವುದರಿಂದ ಈ ತೊಂದರೆ ಸಹಜವಾಗಿಯೇ ಕಡಿಮೆ.

ದಿನಾಂಕ ನಮ್ಮ ದೇಶದವರನ್ನು ಚೆನ್ನಾಗಿ ಆಟ ಆಡಿಸುತ್ತದೆ. ಪಿಜಿ ಪ್ಯಾಕೇಜ್ ಬರೀ ದಿನಾಂಕದ ಕಾಲಮ್ಮನ್ನು ಸರ್ವರಿನ ಸ್ಥಳೀಯ ಮಧ್ಯರಾತ್ರಿಯ ಡೇಟ್ ವಸ್ತುವಾಗಿ ಕೊಡುತ್ತದೆ. ಸರ್ವರ್ ಭಾರತದ ಸಮಯದಲ್ಲಿದ್ದು ಅದನ್ನು ಜೆಸನ್ ಮಾಡಿದರೆ ನವೆಂಬರ್ 20 ಹೋಗಿ ನವೆಂಬರ್ 19ರ 18:30 ಆಗುತ್ತದೆ. ಜೆಸನ್‌ಗೆ ಹೋಗುವುದು ಯುಟಿಸಿ ಸಮಯ, ನಮಗೂ ಅದಕ್ಕೂ ಇರುವ ಐದೂವರೆ ಗಂಟೆಯ ಮಹಿಮೆ. ಆಟ ರಾತ್ರಿ ಶುರುವಾಗಿ ಬೆಳಗಾಗುವವರೆಗೆ ನಡೆಯುವ ಕಡೆ ಈ ಗೊಂದಲ ಇನ್ನೂ ಕೆಟ್ಟದು. ಶುರುವಾಗುವ ಸಂಜೆಯ ದಿನಾಂಕವನ್ನೇ ಹಿಡಿದು, ಅದನ್ನು ಡೇಟ್ ವಸ್ತು ಮಾಡದೆ ಸ್ಟ್ರಿಂಗ್ ಆಗಿಯೇ ಸಾಗಿಸಿ.

ಹಣವನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ನ್ಯೂಮರಿಕ್ ಕಾಲಮ್ ಇಟ್ಟರೆ ಪಿಜಿ ಅದನ್ನು ಸ್ಟ್ರಿಂಗ್ ಆಗಿ ಕೊಡುತ್ತದೆ. ಆಗ 5000ಕ್ಕೆ 1000 ಕೂಡಿಸಿದರೆ ಜಾವಾಸ್ಕ್ರಿಪ್ಟ್ 50001000 ಅನ್ನುತ್ತದೆ.

ಕನ್ನಡದ ಹೆಸರುಗಳನ್ನು ಸೇರಿಸುವ ಮೊದಲು ಎನ್‌ಎಫ್‌ಸಿ ಎಂಬ ಒಂದೇ ಯುನಿಕೋಡ್ ರೂಪಕ್ಕೆ ನಾರ್ಮಲೈಸ್ ಮಾಡಿ. ‘ಕೊ’ದಲ್ಲಿರುವ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಬೇರೆ. ಕೊಕ್ಕಡ, ಕೊಲ್ಲೂರು ಎರಡೆರಡು ಸಲ ಸೇರಿದರೆ ಆಶ್ಚರ್ಯಪಡಬೇಡಿ.

ಎಕ್ಸ್‌ಪ್ರೆಸ್ ಆವೃತ್ತಿಯನ್ನೂ ನೋಡಿಕೊಳ್ಳಿ. 2024ರಲ್ಲಿ ಬಂದ ಎಕ್ಸ್‌ಪ್ರೆಸ್ 5ರಲ್ಲಿ ಅಸಿಂಕ್ ಹ್ಯಾಂಡ್ಲರ್ ಎಸೆದ ಎರರ್ ತಾನಾಗಿಯೇ ಎರರ್ ಹ್ಯಾಂಡ್ಲರಿಗೆ ಹೋಗುತ್ತದೆ. 4ರಲ್ಲಿ ಹೋಗುವುದಿಲ್ಲ. ಟ್ರೈ ಕ್ಯಾಚ್ ಮರೆತರೆ ಈಗಿನ ನೋಡ್ ಪ್ರೊಸೆಸ್ಸನ್ನೇ ನಿಲ್ಲಿಸಿಬಿಡುತ್ತದೆ. ಒಬ್ಬರ ಬುಕಿಂಗ್ ತಪ್ಪಿದ್ದಕ್ಕೆ ಎಲ್ಲರ ಸರ್ವರ್ ಬಂದ್.

ಹಾಗಾದರೆ ಯಾವುದು?

ಕೊನೇ ವರ್ಷದ ಪ್ರಾಜೆಕ್ಟು, ಸಮಯ ಕಡಿಮೆ, ಮರ್ನ್ ಗೊತ್ತಿದೆ ಅಂತಾದರೆ ಮಂಗೂಸಿನಲ್ಲೇ ಮಾಡಿ. ಇಂಡೆಕ್ಸ್ ಮಾತ್ರ ಪರೀಕ್ಷಿಸಿ. ವೈವಾದಲ್ಲಿ ‘ಇಬ್ಬರು ಒಟ್ಟಿಗೆ ಒತ್ತಿದರೆ?’ ಅನ್ನುವ ಪ್ರಶ್ನೆ ಬಂದರೆ ಉತ್ತರ ಕೈಯಲ್ಲಿ ಇರುತ್ತದೆ.

ಗಿರಾಕಿಗೆ ಮಾಡಿಕೊಡುವುದು, ಇಬ್ಬರು ಮೂವರ ತಂಡ, ನಾಳೆ ಬೇರೆಯವರು ನೋಡಬೇಕು: ಪೋಸ್ಟ್‌ಗ್ರೆಸ್ ಮತ್ತು ಪ್ರಿಸ್ಮಾ. ಎಸ್‌ಕ್ಯುಎಲ್ ಚೆನ್ನಾಗಿ ಬರುವ ಒಬ್ಬರೇ ಇದ್ದು ರೂಟುಗಳು ಹತ್ತಿಪ್ಪತ್ತು ಅಷ್ಟೇ ಆದರೆ ಪಿಜಿ ಸಾಕು, ಪ್ರಿಸ್ಮಾದ ಭಾರ ಹೊರಬೇಕಾಗಿಲ್ಲ. ಮೇಳದ ಬುಕಿಂಗ್ ನನಗೇ ಕೊಟ್ಟರೆ ನಾನು ಪಿಜಿಯಲ್ಲಿ ಮಾಡುತ್ತೇನೆ. ಒಂದೇ ಕೌಂಟರಿನ ಅಂಗಡಿಗೆ ಎಸ್‌ಕ್ಯುಲೈಟ್, ಎರಡು ಮಾತಿಲ್ಲ.

ಬಜೆಟ್ ಬಿಗಿ ಇದ್ದರೆ ಉಚಿತ ಪೋಸ್ಟ್‌ಗ್ರೆಸ್ ಕೊಡುವವರೂ ಇದ್ದಾರೆ, ನಿಬಂಧನೆ ಮಾತ್ರ ಓದಿಕೊಳ್ಳಿ. ಸುಪಾಬೇಸ್‌ನ ಉಚಿತ ಪ್ರಾಜೆಕ್ಟ್ ಒಂದು ವಾರ ಬಳಕೆ ಇಲ್ಲದಿದ್ದರೆ ನಿಂತುಬಿಡುತ್ತದೆ. ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸಿದ ಮೇಲೆ ಯಾರೂ ಮುಟ್ಟದ ಆಪ್ ಆದರೆ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸರ್ವರ್ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಕಡೆ ಇಡಿ. ಡೇಟಾಬೇಸ್ ಮುಂಬಯಿಯಲ್ಲಿ, ಸರ್ವರ್ ಅಮೆರಿಕದಲ್ಲಿ ಆದರೆ ಒಂದು ಬುಕಿಂಗಿಗೆ ಹೋಗುವ ನಾಲ್ಕು ಕ್ವೆರಿಯೂ ಸಮುದ್ರ ದಾಟಿ ಬರಬೇಕು.

ಯಾವುದನ್ನು ಹಾಕಿದರೂ ಒಪ್ಪಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರಾಮಿಸ್ ಆಲ್ ಬಳಸಿ ಒಂದೇ ಮೇಳಕ್ಕೆ, ಒಂದೇ ದಿನಕ್ಕೆ 20 ರಿಕ್ವೆಸ್ಟ್ ಒಟ್ಟಿಗೆ ಕಳಿಸುವ ಸಣ್ಣ ಸ್ಕ್ರಿಪ್ಟ್ ಸಾಕು. ಒಂದು 201 (ಸೇರಿತು), ಹತ್ತೊಂಬತ್ತು 409 ಬರಬೇಕು. ಎರಡು 201 ಬಂದರೆ ಲೈಬ್ರರಿ ಬದಲಾಯಿಸಲು ಹೋಗಬೇಡಿ, ಯೂನಿಕ್ ಇಂಡೆಕ್ಸ್ ಇದೆಯಾ ನೋಡಿ. 500 (ಸರ್ವರಿನ ಒಳಗಿನ ತಪ್ಪು) ಬಂದರೆ ಇಂಡೆಕ್ಸ್ ತನ್ನ ಕೆಲಸ ಮಾಡಿದೆ, ಎರರ್ ಕೋಡ್ ಹಿಡಿಯುವುದನ್ನು ನಿಮ್ಮ ಹ್ಯಾಂಡ್ಲರ್ ಮರೆತಿದೆ. ಉತ್ತರವೇ ಬಾರದೆ ಸ್ಕ್ರಿಪ್ಟ್ ಕಾಯುತ್ತಾ ಕೂತರೆ ಯಾವುದೋ ಒಂದು ದಾರಿಯಲ್ಲಿ ಕ್ಲೈಂಟನ್ನು ವಾಪಸ್ ಬಿಟ್ಟಿಲ್ಲ.